ಕೊಳ್ಳುವ ಮೊದಲೇ ಮಾರುವ ಲೆಕ್ಕ: ಬೆಳಗಾವಿಯಲ್ಲಿ ಹ್ಯಾಂಡ್‌ಹೆಲ್ಡ್ ಕನ್ಸೋಲ್

ಗೇಮ್ ಕನ್ಸೋಲ್ ಬೇಕೆಂದು ಹಟ ಹಿಡಿದ ಮಕ್ಕಳಿಗೆ ಮನೆಯ ಹಿರಿಯರು ಹೇಳುತ್ತ ಬಂದ ಮಾತು ಒಂದೇ: ಸ್ವಲ್ಪ ತಡೆ, ಬೆಲೆ ಇಳಿಯಲಿ. ಒಂದು ಕಾಲಕ್ಕೆ ಆ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಸೋನಿಯ ಟಿವಿ ಕನ್ಸೋಲ್ ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ರಲ್ಲಿ 299 ಡಾಲರ್‌ಗೆ ಬಂತು. 2002ರಲ್ಲಿ 199, 2004ರಲ್ಲಿ 149, 2006ರಲ್ಲಿ 129, 2009ರಲ್ಲಿ 99 ಡಾಲರ್‌ಗೆ ಇಳಿಯಿತು. ಕಾದವರಿಗೆ ಮೂರನೇ ಒಂದು ಪಾಲು ಬೆಲೆಗೆ ಅದೇ ಆಟಗಳು ಸಿಕ್ಕವು. ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಕಥೆಯೂ ಹಾಗೆಯೇ ಇತ್ತು. ನಿಂಟೆಂಡೊ 3ಡಿಎಸ್ 2011ರ ಮಾರ್ಚ್‌ನಲ್ಲಿ 249.99 ಡಾಲರ್‌ಗೆ ಅಮೆರಿಕದ ಅಂಗಡಿಗಳಿಗೆ ಬಂದು, ಅದೇ ವರ್ಷ ಆಗಸ್ಟ್ 12ಕ್ಕೆ 169.99ಕ್ಕೆ ಇಳಿಯಿತು. ಆತುರಪಟ್ಟು ಮೊದಲೇ ಕೊಂಡವರನ್ನು ಸಮಾಧಾನಪಡಿಸಲು ಕಂಪನಿ 20 ಹಳೆಯ ಆಟಗಳನ್ನು ಉಚಿತವಾಗಿ ಕೊಡಬೇಕಾಯಿತು.

ಈಗ ಆ ಕಾಲ ಮುಗಿದಿದೆ. ಕೈಯಲ್ಲೂ ಟಿವಿಗೆ ಜೋಡಿಸಿಯೂ ಆಡಬಹುದಾದ ನಿಂಟೆಂಡೊ ಸ್ವಿಚ್ 2017ರ ಮಾರ್ಚ್ 3ರಂದು 299.99 ಡಾಲರ್‌ಗೆ ಬಿಡುಗಡೆಯಾಯಿತು. ಎಂಟು ವರ್ಷ ಅದರ ಅಧಿಕೃತ ಬೆಲೆ ಅಮೆರಿಕದಲ್ಲಿ ಅಲ್ಲೇ ನಿಂತಿತ್ತು. 2025ರ ಆಗಸ್ಟ್‌ನಲ್ಲಿ, ಉತ್ತರಾಧಿಕಾರಿಯಾದ ಸ್ವಿಚ್ 2 ಮಾರುಕಟ್ಟೆಗೆ ಬಂದ ಮೇಲೂ, ಹಳೆಯ ಸ್ವಿಚ್‌ನ ಬೆಲೆ 339.99 ಡಾಲರ್‌ಗೆ ಏರಿತು. ಒಎಲ್ಇಡಿ ಪರದೆಯ ಮಾದರಿ 349.99ರಿಂದ 399.99ಕ್ಕೆ, ಅಗ್ಗದ ಲೈಟ್ ಮಾದರಿ 199.99ರಿಂದ 229.99ಕ್ಕೆ ಹೋದವು. ಅದೇ ತಿಂಗಳು ಪ್ಲೇಸ್ಟೇಷನ್ 5 (ಪಿಎಸ್5) ಕೂಡ ಅಲ್ಲಿ 50 ಡಾಲರ್ ತುಟ್ಟಿಯಾಯಿತು. ಎಂಟು ವರ್ಷ ಹಳೆಯ ವಿನ್ಯಾಸದ ಯಂತ್ರವೊಂದು ಹುಟ್ಟಿದ ದಿನಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುವುದು ಈ ಉದ್ಯಮದಲ್ಲಿ ಅಪರೂಪದ ಸಂಗತಿ. ಬೆಳಗಾವಿಯಲ್ಲಿ ಕನ್ಸೋಲ್ ಕೊಳ್ಳಲು ಹೊರಟವರು ಇಲ್ಲಿಂದಲೇ ಯೋಚನೆ ಶುರು ಮಾಡಬೇಕು. ಏಕೆಂದರೆ ಹೊಸದರ ಬೆಲೆ ಇಳಿಯದಿದ್ದರೆ ಹಳೆಯದರ ಬೆಲೆಯೂ ಸುಲಭಕ್ಕೆ ಇಳಿಯುವುದಿಲ್ಲ. ಯಂತ್ರದ ನಿಜವಾದ ಖರ್ಚೆಂದರೆ ಕೊಂಡ ಬೆಲೆಯಿಂದ ಮುಂದೆ ಮಾರಿದ ಬೆಲೆಯನ್ನು ಕಳೆದಾಗ ಉಳಿಯುವ ಮೊತ್ತ. ಆ ಮೊತ್ತವನ್ನು ಲೆಕ್ಕ ಹಾಕದೆ ಡಬ್ಬಿಯ ಮೇಲಿನ ಬೆಲೆಯನ್ನಷ್ಟೇ ನೋಡಿ ಕೊಳ್ಳುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ.

ಬೆಲೆ ಏಕೆ ಇಳಿಯುತ್ತಿಲ್ಲ? ಮೊದಲು ಚಿಪ್ ತಯಾರಿಕೆಯ ತಂತ್ರ ಸೂಕ್ಷ್ಮವಾದಂತೆಲ್ಲ ಒಂದೇ ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್‌ಗಳು ಸಿಗುತ್ತಿದ್ದವು, ಪ್ರತಿ ಚಿಪ್‌ನ ಖರ್ಚು ಕುಗ್ಗುತ್ತಿತ್ತು, ಕಂಪನಿ ಬೆಲೆ ಇಳಿಸುತ್ತಿತ್ತು. ಈಗ ಹೊಸ ತಂತ್ರದ ಬಿಲ್ಲೆಗಳೇ ದುಬಾರಿಯಾಗಿ ಆ ಉಳಿತಾಯ ಬಹುಪಾಲು ಕರಗಿದೆ. ಅದರ ಮೇಲೆ ಅಮೆರಿಕದ ಆಮದು ಸುಂಕ ಬಂತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಅಪಾರ ಪ್ರಮಾಣದಲ್ಲಿ ಕೊಳ್ಳತೊಡಗಿದ್ದರಿಂದ 2025ರ ಕೊನೆಯ ವೇಳೆಗೆ ಮೆಮೊರಿಯ ಬೆಲೆಯೂ ಜಿಗಿಯಿತು. ಕನ್ಸೋಲ್ ಒಳಗಿನ ದುಬಾರಿ ಭಾಗಗಳಲ್ಲಿ ಮೆಮೊರಿ ಒಂದು.

ನಮಗೆ ಇನ್ನೊಂದು ಹೊರೆ ಇದೆ, ಅದು ರೂಪಾಯಿಯದು. 2017ರ ಮಾರ್ಚ್‌ನಲ್ಲಿ ಡಾಲರ್ ಸುಮಾರು 66 ರೂಪಾಯಿ ಇತ್ತು. 299.99 ಡಾಲರ್ ಎಂದರೆ ಆಗ ಸುಮಾರು 19,800 ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಆ ದರದಲ್ಲಿ 339.99 ಡಾಲರ್ ಎಂದರೆ ಸುಮಾರು 30,600 ರೂಪಾಯಿ. ತೆರಿಗೆ, ಸಾಗಣೆ, ಅಂಗಡಿಯವರ ಲಾಭ ಯಾವುದನ್ನೂ ಸೇರಿಸದೆಯೇ ಅದೇ ಯಂತ್ರ 10,800 ರೂಪಾಯಿ ಮೇಲೇರಿದೆ. ಅಂದು ಕೊಂಡು ಜೋಪಾನವಾಗಿ ಇಟ್ಟುಕೊಂಡವರ ಸ್ವಿಚ್‌ಗೆ ಇಂದು ಒಳ್ಳೆಯ ಬೆಲೆ ಸಿಗುವುದಕ್ಕೆ ಯಂತ್ರದ ಗುಣ ಎಷ್ಟು ಕಾರಣವೋ ರೂಪಾಯಿಯ ಕುಸಿತವೂ ಅಷ್ಟೇ ಕಾರಣ.

ಇನ್ನು ಈ ಯಂತ್ರಗಳು ಬೆಳಗಾವಿಗೆ ಬರುವ ದಾರಿ. ಪ್ಲೇಸ್ಟೇಷನ್‌ನಂತಹವು ಭಾರತದ ಬಿಲ್ಲು, ಭಾರತದ ವಾರಂಟಿಯೊಂದಿಗೆ ಬರುತ್ತವೆ. ನಿಂಟೆಂಡೊ ಹಾಗಲ್ಲ. 2025ರ ಜೂನ್ 5ರಂದು ಸ್ವಿಚ್ 2 ಬಿಡುಗಡೆಯಾದಾಗ ಅದರ ಅಧಿಕೃತ ಮಾರುಕಟ್ಟೆಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಹೀಗಾಗಿ ನಮ್ಮೂರಿಗೆ ಬರುವ ಸ್ವಿಚ್‌ಗಳು ಆಮದುದಾರರ ಮೂಲಕವೋ, ಮುಂಬೈ, ಪುಣೆ, ಗೋವಾದ ವ್ಯಾಪಾರಿಗಳ ಕೈದಾಟಿಯೋ, ದುಬೈನಲ್ಲಿ ಕೆಲಸ ಮಾಡುವ ಬಂಧುವಿನ ಸೂಟ್‌ಕೇಸಿನಲ್ಲೋ ಬರುತ್ತವೆ.

ಅಧಿಕೃತ ದಾರಿಯ ಖರ್ಚನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡೋಣ. ಬಿಡುಗಡೆಯಾದಾಗ ಸ್ವಿಚ್ 2ರ ಅಮೆರಿಕದ ಬೆಲೆ 449.99 ಡಾಲರ್, ಆಗಿನ 86 ರೂಪಾಯಿ ದರದಲ್ಲಿ ಸುಮಾರು 38,700 ರೂಪಾಯಿ. ಗೇಮ್ ಕನ್ಸೋಲ್‌ಗಳ ಮೂಲ ಆಮದು ಸುಂಕವನ್ನು 2018ರ ಬಜೆಟ್ ಶೇ 10ರಿಂದ ಶೇ 20ಕ್ಕೆ ಏರಿಸಿತು. ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ ಇದೆ. ಇವೆರಡನ್ನೂ ಸೇರಿಸಿದಾಗ ಮೊತ್ತ 47,200 ದಾಟುತ್ತದೆ. ಅದರ ಮೇಲೆ ಶೇ 18ರ ಜಿಎಸ್‌ಟಿ. ಇದು ಮೊದಲು ಶೇ 28 ಇತ್ತು, 2019ರ ಜನವರಿಯಿಂದ ಶೇ 18ಕ್ಕೆ ಇಳಿಯಿತು. ಒಟ್ಟು ಸುಮಾರು 55,700 ರೂಪಾಯಿ. ಸಾಗಣೆ ಮತ್ತು ಅಂಗಡಿಯವರ ಲಾಭ ಇನ್ನೂ ಬೇರೆ. ಯಾರಾದರೂ ಇದಕ್ಕಿಂತ ಬಹಳ ಕಡಿಮೆಗೆ ಕೊಡುತ್ತೇನೆಂದರೆ ಸಂತೋಷಪಡುವ ಮೊದಲು ಕೇಳಬೇಕಾದ ಪ್ರಶ್ನೆ: ಇದು ಯಾವ ದೇಶದ ಯಂತ್ರ, ಬಿಲ್ಲು ಎಲ್ಲಿದೆ?

ಯಾವ ದೇಶದ್ದು ಎನ್ನುವುದು ಸಣ್ಣ ಮಾತಲ್ಲ. ಜಪಾನಿನಲ್ಲಿ ಸ್ವಿಚ್ 2ರ ಎರಡು ಮಾದರಿಗಳಿವೆ. ಬಿಡುಗಡೆಯಾದಾಗ ಜಪಾನಿ ಭಾಷೆಯ ಮಾದರಿಗೆ 49,980 ಯೆನ್, ಬಹುಭಾಷಾ ಮಾದರಿಗೆ 69,980 ಯೆನ್ ಇತ್ತು. ಅಗ್ಗದ್ದರಲ್ಲಿ ಯಂತ್ರದ ಭಾಷೆ ಜಪಾನಿ ಒಂದೇ. ಜಪಾನ್ ಪ್ರದೇಶದ ಖಾತೆಯನ್ನು ಮಾತ್ರ ಅದಕ್ಕೆ ಜೋಡಿಸಬಹುದು. ಸೆಟ್ಟಿಂಗ್ಸ್‌ಗೆ ಹೋಗಿ ಇಂಗ್ಲಿಷ್ ಆರಿಸಿದರಾಯಿತು ಎಂದು ಕೊಂಡವರಿಗೆ ಆ ಆಯ್ಕೆಯೇ ಅಲ್ಲಿ ಕಾಣುವುದಿಲ್ಲ. ಇಂತಹ ಯಂತ್ರವನ್ನು ಮುಂದೆ ಇಲ್ಲಿ ಯಾರಿಗೆ ಮಾರುತ್ತೀರಿ? ಕೊಳ್ಳುವಾಗ ಉಳಿಸಿದ ಹಣ ಮಾರುವಾಗ ಎರಡರಷ್ಟಾಗಿ ಹೋಗುತ್ತದೆ.

ಬಿಲ್ಲಿನ ವಿಷಯದಲ್ಲಿ ನಮ್ಮ ಪೇಟೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ, "ಬಿಲ್ಲು ಯಾಕೆ ಸರ್, ನಾನು ಇಲ್ಲೇ ಅಂಗಡಿಯಲ್ಲಿ ಇರುತ್ತೇನಲ್ಲ." ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಬೈಕಿಗೆ ಆರ್‌ಸಿ ಪುಸ್ತಕ ಹೇಗೋ ಕನ್ಸೋಲ್‌ಗೆ ಸೀರಿಯಲ್ ನಂಬರ್ ಬರೆದ ಬಿಲ್ಲು ಹಾಗೆ. ಅದಿಲ್ಲದ ಬೈಕನ್ನು ಯಾರೂ ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ. 2025ರ ಜೂನ್‌ನಿಂದ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಆಟಗಳ ನಕಲು ಓಡಿಸುವ ಫ್ಲ್ಯಾಶ್ ಕಾರ್ಡ್‌ಗಳನ್ನು ಬಳಸಿದ ಸ್ವಿಚ್ 2 ಯಂತ್ರಗಳನ್ನು ನಿಂಟೆಂಡೊ ತನ್ನ ಆನ್‌ಲೈನ್ ಸೇವೆಯಿಂದ ಹೊರಗಿಡತೊಡಗಿತು. ನಿಷೇಧ ಖಾತೆಗಲ್ಲ, ಯಂತ್ರಕ್ಕೇ. ಅದನ್ನು ಅರಿಯದೆ ಸೆಕೆಂಡ್ ಹ್ಯಾಂಡ್ ಕೊಂಡವರು ಮನೆಗೆ ಹೋಗಿ ಆನ್ ಮಾಡಿದಾಗ ಯಾವ ತಪ್ಪೂ ಮಾಡದೆ ಶಿಕ್ಷೆ ಅನುಭವಿಸಬೇಕಾಯಿತು.

ಆದ್ದರಿಂದ ಬಳಸಿದ ಸ್ವಿಚ್ ಅಥವಾ ಸ್ವಿಚ್ 2 ಕೊಳ್ಳುವವರು ಖಡೇಬಜಾರಿನ ಅಂಗಡಿಯಲ್ಲಿರಲಿ, ಟಿಳಕವಾಡಿಯ ಯಾರದೋ ಮನೆಯಲ್ಲಿರಲಿ, ಹಣ ಕೊಡುವ ಮೊದಲು ಅದನ್ನು ತಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಆನ್‌ಲೈನ್ ಅಂಗಡಿ ತೆರೆಯುತ್ತದೆಯೇ ನೋಡಬೇಕು. ತೆರೆಯದೆ ದೋಷಸಂಖ್ಯೆ ಕಾಣಿಸಿದರೆ ಕಾರಣ ಸ್ಪಷ್ಟವಾಗುವ ತನಕ ಹಣ ಕೊಡಬೇಡಿ. ಜಾಯ್‌ಕಾನ್ ಎಂಬ ಅದರ ಹಿಡಿಕೆಗಳಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಎರಡೂ ಕಡ್ಡಿಗಳನ್ನು ಮುಟ್ಟದೆ ಬಿಟ್ಟು ಪರದೆಯ ಮೇಲಿನ ಗುರುತು ತಾನಾಗಿ ಸರಿಯುತ್ತದೆಯೇ ಗಮನಿಸಿ. ಜಾಯ್‌ಕಾನ್ ಡ್ರಿಫ್ಟ್ ಎಂದು ಕುಖ್ಯಾತವಾದ ದೋಷ ಅದು. ಕೈಪಳಗಿದ ಮೊಬೈಲ್ ರಿಪೇರಿಯವರು ಕಡ್ಡಿಯನ್ನು ಬದಲಿಸಿ ಕೊಡಬಲ್ಲರು, ಆದರೆ ಆ ಖರ್ಚನ್ನು ಬೆಲೆಯಿಂದ ಕಳೆಯುವುದು ಕೊಳ್ಳುವವರ ಹಕ್ಕು. ಮೊದಲ ಸ್ವಿಚ್‌ನಲ್ಲಿ ಇನ್ನೊಂದು ಗುಟ್ಟಿದೆ. ಹೊರನೋಟಕ್ಕೆ ಒಂದೇ ರೀತಿಯ ಎರಡು ಮಾದರಿಗಳಿವೆ. 2017ರದ್ದು ಒಂದು ಚಾರ್ಜ್‌ಗೆ ಸುಮಾರು 2.5ರಿಂದ 6.5 ಗಂಟೆ ಓಡುತ್ತಿತ್ತು, 2019ರ ಆಗಸ್ಟ್‌ನ ಪರಿಷ್ಕೃತ ಮಾದರಿ 4.5ರಿಂದ 9 ಗಂಟೆ. ಹಿಂಬದಿಯ ಮಾದರಿ ಸಂಖ್ಯೆ ಎಚ್ಎಸಿ-001 ಆದ ಮೇಲೆ ಕಂಸದಲ್ಲಿ -01 ಇದ್ದರೆ ಅದು ಎರಡನೆಯದು. ಮಾರುವವರಲ್ಲಿ ಅನೇಕರಿಗೇ ಈ ವ್ಯತ್ಯಾಸ ತಿಳಿದಿರುವುದಿಲ್ಲ, ಒಂದೇ ಬೆಲೆ ಹೇಳಿಬಿಡುತ್ತಾರೆ. ಬ್ಯಾಟರಿಯ ವಯಸ್ಸನ್ನು ಲೆಕ್ಕಕ್ಕೆ ಹಿಡಿದರೆ ಈ ಎರಡರ ನಡುವೆ ಕೆಲವು ಸಾವಿರ ರೂಪಾಯಿಯ ಅಂತರ ನ್ಯಾಯವೇ.

ಯಂತ್ರದಷ್ಟೇ ಮುಖ್ಯವಾದದ್ದು ಆಟದ ಕಾರ್ಟ್ರಿಜ್. ಡೌನ್‌ಲೋಡ್ ಮಾಡಿದ ಆಟ ಖಾತೆಗೆ ಅಂಟಿಕೊಂಡಿರುತ್ತದೆ, ಅದನ್ನು ಮಾರಲಾಗದು. ಕಾರ್ಟ್ರಿಜ್ ಕೈಬದಲಾಗುತ್ತದೆ. ಸ್ವಿಚ್‌ನ ಕಾರ್ಟ್ರಿಜ್‌ಗಳು ಸ್ವಿಚ್ 2ರಲ್ಲೂ ಬಹುಪಾಲು ಓಡುವುದರಿಂದ ಅವುಗಳಿಗೆ ಹೊಸ ತಲೆಮಾರಿನ ಗಿರಾಕಿಗಳೂ ಇದ್ದಾರೆ. ನಿಂಟೆಂಡೊ ಸ್ವಂತ ಆಟಗಳ ಬೆಲೆಯನ್ನು ಅಪರೂಪಕ್ಕೆ ಇಳಿಸುವುದರಿಂದ ವರ್ಷಗಟ್ಟಲೆ ಹಳೆಯ ಆಟಕ್ಕೂ ಗೌರವದ ಬೆಲೆ ಉಳಿದಿದೆ. ಸ್ವಿಚ್ 2ರಲ್ಲಿ ಮಾತ್ರ ಒಂದು ಹೊಸ ಬಗೆಯ ಕಾರ್ಡ್ ಬಂದಿದೆ: ಒಳಗೆ ಆಟವಿಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಕೀಲಿ ಮಾತ್ರ ಇದೆ. ಅದನ್ನೂ ಮಾರಬಹುದು, ಆದರೆ ಸರ್ವರ್ ಇರುವ ತನಕವಷ್ಟೇ ಅದಕ್ಕೆ ಬೆಲೆ. 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್ 27ರಂದು ಮುಚ್ಚಿತು. ಅಂಗಡಿಗಳು ಶಾಶ್ವತವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಜೋಡಿಯ ಪ್ರಶ್ನೆಗೆ ಬರೋಣ. ಮನೆಯಲ್ಲಿ ಆಗಲೇ ಟಿವಿಗೆ ಜೋಡಿಸಿದ ಕನ್ಸೋಲ್ ಇದೆ, ಅದರ ಜೊತೆಗೆ ಕೈಯಲ್ಲೂ ಒಂದು ಬೇಕು ಎನ್ನುವವರು ಹೆಚ್ಚುತ್ತಿದ್ದಾರೆ. ಸಂಜೆ ಏಳರಿಂದ ಹತ್ತರವರೆಗೆ ಟಿವಿ ಧಾರಾವಾಹಿಗಳಿಗೆ ಮೀಸಲಾದ ಮನೆಗಳಲ್ಲಿ ಈ ಬೇಡಿಕೆ ಸಹಜವೇ. ಸೋನಿ ಇದಕ್ಕೆಂದೇ 2023ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ ಪೋರ್ಟಲ್ ತಂದಿತು. ಭಾರತಕ್ಕೆ ಅದು 2024ರ ಡಿಸೆಂಬರ್ 3ರಂದು 18,990 ರೂಪಾಯಿಗೆ ಬಂತು. ಎಂಟು ಇಂಚಿನ ಪರದೆ, ಎರಡೂ ಬದಿಗೆ ಪಿಎಸ್5ರದೇ ಹಿಡಿಕೆಗಳು. ಆದರೆ ಆಟ ಓಡುವುದು ಅದರೊಳಗಲ್ಲ. ಆಟ ಓಡುವುದು ನಿಮ್ಮ ಪಿಎಸ್5ರಲ್ಲಿ, ಚಿತ್ರ ಮಾತ್ರ ವೈಫೈ ಮೂಲಕ ಪೋರ್ಟಲ್‌ಗೆ ಬರುತ್ತದೆ. ಬೇರೆ ದೇಶಗಳಲ್ಲಿ ಪ್ಲೇಸ್ಟೇಷನ್ ಪ್ಲಸ್ ಪ್ರೀಮಿಯಂ ಚಂದಾದಾರರು 2025ರ ನವೆಂಬರ್‌ನಿಂದ ಪಿಎಸ್5ರ ನೆರವಿಲ್ಲದೆ ಕ್ಲೌಡ್‌ನಿಂದಲೇ, ಅಂದರೆ ಸೋನಿಯ ಸರ್ವರ್‌ಗಳಿಂದಲೇ, ಅದರಲ್ಲಿ ಆಡಬಹುದಾಗಿದೆ. ಭಾರತದಲ್ಲಿ ಸೋನಿ ಪ್ರೀಮಿಯಂ ಬದಲು ಕ್ಲೌಡ್ ಇಲ್ಲದ ಡೀಲಕ್ಸ್ ಶ್ರೇಣಿಯನ್ನು ಕೊಟ್ಟಿತು. ಅದೇ ಪೋರ್ಟಲ್ ಅಲ್ಲಿ ಅರೆಸ್ವತಂತ್ರ, ಇಲ್ಲಿ ಪೂರ್ತಿ ಅವಲಂಬಿ.

ಅವಲಂಬನೆ ಮರುಮಾರಾಟದ ಬೆಲೆಯನ್ನು ತಿನ್ನುತ್ತದೆ. ಸ್ವಿಚ್ ಮಾರಲು ಹೊರಟರೆ ಊರಿನ ಯಾರು ಬೇಕಾದರೂ ಗಿರಾಕಿ. ಪೋರ್ಟಲ್‌ಗೆ ಪಿಎಸ್5 ಇರುವ, ಮನೆಯಲ್ಲಿ ಒಳ್ಳೆಯ ವೈಫೈ ಇರುವ, ಟಿವಿ ಸಿಗದೆ ಒದ್ದಾಡುವವರು ಮಾತ್ರ ಗಿರಾಕಿ. ಬೆಂಗಳೂರಿನಲ್ಲಿ ಅಂಥವರು ಬೇಗ ಸಿಕ್ಕಾರು, ಬೆಳಗಾವಿಯಲ್ಲಿ ಹುಡುಕಬೇಕು. ಹಳೆಯ ಉದಾಹರಣೆಗಳೂ ಇದೇ ಎಚ್ಚರಿಕೆ ಕೊಡುತ್ತವೆ. ನಿಂಟೆಂಡೊದ 2012ರ ವೀ ಯು ಕನ್ಸೋಲ್‌ನ ಪರದೆಯುಳ್ಳ ಗೇಮ್‌ಪ್ಯಾಡ್ ತನ್ನ ಕನ್ಸೋಲ್ ಬಿಟ್ಟು ಯಾವ ಆಟವನ್ನೂ ಓಡಿಸಲಾರದಾಗಿತ್ತು. ಸೋನಿಯ ಪಿಎಸ್ ವೀಟಾ ಪಿಎಸ್4ರ ಆಟಗಳನ್ನು ದೂರದಿಂದ ತೋರಿಸುತ್ತಿತ್ತು, ಪಿಎಸ್5 ಬಂದಾಗ ಆ ನಂಟು ಅಧಿಕೃತವಾಗಿ ಮುಂದುವರಿಯಲಿಲ್ಲ. ವೀಟಾಗೆ ಇಂದಿಗೂ ಬೆಲೆ ಇರುವುದು ಅದರೊಳಗೇ ಓಡುವ ಸ್ವಂತ ಆಟಗಳಿಂದ. ಪೋರ್ಟಲ್‌ಗೆ ಆ ಆಸರೆ ಇಲ್ಲ. ಪಿಎಸ್5ರ ಕಾಲ ಮುಗಿದ ದಿನ ಅದರ ಗತಿ ಏನೆಂದು ಈಗಲೇ ಯೋಚಿಸಬೇಕು.

ಮನೆಯ ಗೋಡೆಯನ್ನೂ ಯೋಚಿಸಬೇಕು. ಬೆಳಗಾವಿಯ ಹಳೆಯ ಗಲ್ಲಿಗಳಲ್ಲಿ, ಖಾನಾಪುರದ ಕಡೆ, ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆಯ ಮನೆಗಳು ಇಂದಿಗೂ ಇವೆ. ಸ್ಪಷ್ಟ ಚಿತ್ರಕ್ಕೆ ಬೇಕಾದ 5 ಗಿಗಾಹರ್ಟ್ಸ್ ವೈಫೈ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಹಾಲ್‌ನಲ್ಲಿ ಸರಾಗವಾಗಿ ಓಡಿದ ಆಟ ಒಳಕೋಣೆಯಲ್ಲಿ ಮುಗ್ಗರಿಸಿದರೆ ದೋಷ ಪೋರ್ಟಲ್‌ನದಲ್ಲ. ಪಿಎಸ್5 ಅನ್ನು ರೌಟರ್‌ಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿ, ರೌಟರನ್ನು ಆಡುವ ಕೋಣೆಯ ಹತ್ತಿರಕ್ಕೆ ತಂದರೆ ಬಹಳಷ್ಟು ಸರಿಹೋಗುತ್ತದೆ. ಒಂದೇ ವೈಫೈ ಒಳಗೆ ಆಡುವಾಗ ಇಂಟರ್‌ನೆಟ್ ಪ್ಯಾಕಿನ ವೇಗ ಮುಖ್ಯವಲ್ಲ ಎನ್ನುವುದನ್ನು ಅನೇಕರು ಗಮನಿಸದೆ ದುಬಾರಿ ಪ್ಯಾಕ್ ಹಾಕಿಸಿಕೊಳ್ಳುತ್ತಾರೆ. ಹೊರಗಿನಿಂದ ಆಡುವವರಿಗೆ ಮಾತ್ರ ಅದು ಬೇಕು. ಸೋನಿ ಕನಿಷ್ಠ 5 ಎಂಬಿಪಿಎಸ್ ಕೇಳುತ್ತದೆ, 15 ಇದ್ದರೆ ಒಳ್ಳೆಯದು ಎನ್ನುತ್ತದೆ. ಆಗ ಮನೆಯ ಸಂಪರ್ಕದ ಅಪ್‌ಲೋಡ್ ವೇಗ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮನೆಯ ಪಿಎಸ್5 ಪೂರ್ತಿ ಆರಿಹೋಗುತ್ತದೆ, ಹಾಸ್ಟೆಲ್‌ನಲ್ಲಿ ಕುಳಿತವರು ಅದನ್ನು ಎಬ್ಬಿಸಲಾರರು.

ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಮಾದರಿಗೆ 54,990 ರೂಪಾಯಿ, ಡಿಸ್ಕ್ ಇಲ್ಲದ್ದಕ್ಕೆ 44,990 ಇತ್ತು. ಡಿಸ್ಕ್ ಮಾದರಿಯ ಜೊತೆ ಪೋರ್ಟಲ್ ಸೇರಿದರೆ ಆ ಬೆಲೆಗಳಲ್ಲಿ 73,980. ಏಸಸ್ ಕಂಪನಿಯ ಆರ್‌ಒಜಿ ಆಲೈ 2023ರ ಜುಲೈನಲ್ಲಿ ಇಲ್ಲಿಗೆ ಬಂದದ್ದು 69,990ಕ್ಕೆ. ಹೀಗಾಗಿ "ಒಂದೇ ಯಂತ್ರ ಸಾಲದೇ" ಎಂಬ ಪ್ರಶ್ನೆ ಏಳುತ್ತದೆ. ಆಲೈ ಎಂದರೆ ಕೈಯಲ್ಲಿ ಹಿಡಿಯುವ ವಿಂಡೋಸ್ ಕಂಪ್ಯೂಟರ್. ಟಿವಿಗೂ ಜೋಡಿಸಬಹುದು, ಇಂಜಿನಿಯರಿಂಗ್ ವಿದ್ಯಾರ್ಥಿ ಅದರಲ್ಲೇ ಪ್ರಾಜೆಕ್ಟ್ ವರದಿಯನ್ನೂ ಬರೆಯಬಹುದು. ಅದರ ದೌರ್ಬಲ್ಯ ಮರುಮಾರಾಟದಲ್ಲಿ. 2023ರಲ್ಲಿ ಆಲೈ, 2024ರಲ್ಲಿ ಆಲೈ ಎಕ್ಸ್, 2025ರ ಅಕ್ಟೋಬರ್‌ನಲ್ಲಿ 599.99 ಮತ್ತು 999.99 ಡಾಲರ್‌ಗಳ ಎಕ್ಸ್‌ಬಾಕ್ಸ್ ಆಲೈಗಳು. ವರ್ಷಕ್ಕೊಂದು ಹೊಸ ಮಾದರಿ ಬರುವ ಕಡೆ ಹಳೆಯದು ಬೇಗ ಸೋಲುತ್ತದೆ. ಆಟಗಳು ಡಿಜಿಟಲ್ ಆದ್ದರಿಂದ ಅವುಗಳನ್ನು ಮಾರಿ ನಷ್ಟ ತುಂಬಿಕೊಳ್ಳುವ ದಾರಿಯೂ ಇಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಯಂತ್ರ ಮಾರಿದರೂ ಕೊಂಡ ಆಟಗಳು ಖಾತೆಯಲ್ಲಿ ಉಳಿದು ಮುಂದಿನ ಯಂತ್ರಕ್ಕೆ ಬರುತ್ತವೆ. ಮೈಕ್ರೋಸಾಫ್ಟ್‌ನ ಪ್ಲೇ ಎನಿವೇರ್ ಆಟಗಳನ್ನು ಒಮ್ಮೆ ಕೊಂಡರೆ ಎಕ್ಸ್‌ಬಾಕ್ಸ್ ಕನ್ಸೋಲ್, ಕಂಪ್ಯೂಟರ್ ಎರಡರಲ್ಲೂ ಆಡಬಹುದು. 2025ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಭಾರತಕ್ಕೂ ಬಂದಿದೆ. ಸೋನಿ ಇಲ್ಲಿ ಮುಚ್ಚಿಟ್ಟ ಬಾಗಿಲನ್ನು ಮೈಕ್ರೋಸಾಫ್ಟ್ ತೆರೆದಿದೆ. ಹತ್ತು ವರ್ಷದ ದೃಷ್ಟಿಯಿಂದ ಇದನ್ನು ನಾನು ದೊಡ್ಡ ಸಂಗತಿ ಎಂದೇ ಎಣಿಸುತ್ತೇನೆ.

ಹಾಗಿದ್ದರೆ ಮನೆಯಲ್ಲಿ ಏನೂ ಇಲ್ಲದ, ಮೊದಲ ಸಲ ಕೊಳ್ಳುವ ಕುಟುಂಬಕ್ಕೆ? ಅಧಿಕೃತ ವಾರಂಟಿ ಇಲ್ಲದ ಕೊರತೆಯ ನಡುವೆಯೂ ನನ್ನ ಆಯ್ಕೆ ಡಾಕ್ (ಟಿವಿಗೆ ಜೋಡಿಸುವ ಪೀಠ) ಸಹಿತ ಹಳೆಯ ಸ್ವಿಚ್. ಅದು ಟಿವಿ ಮುಂದೆ ಮನೆಯ ಕನ್ಸೋಲ್, ಬೆಂಗಳೂರಿನ ವಂದೇ ಭಾರತ್‌ನಲ್ಲಿ ಕೈಯ ಕನ್ಸೋಲ್. ಎರಡನೆಯ ಯಂತ್ರ, ವೈಫೈ, ಚಂದಾ ಯಾವುದೂ ಇಲ್ಲದೆ ಜೋಡಿ ಒಂದರಲ್ಲೇ ಅಡಗಿದೆ. ಲೈಟ್ ಮಾದರಿ ಅಗ್ಗ, ಆದರೆ ಟಿವಿಗೆ ಜೋಡಿಸಲಾಗದು. ಒಂದೇ ಮಗುವಿಗಾದರೆ ಸರಿ, ಮನೆಮಂದಿಗೆ ಸಾಲದು. ಸ್ವಿಚ್ 2ಕ್ಕೆ ಹೋಗುವವರು ಮೆಮೊರಿ ಕಾರ್ಡಿನ ಖರ್ಚು ಸೇರಿಸಿಕೊಳ್ಳಬೇಕು. ಅದರೊಳಗೆ 256 ಜಿಬಿ ಇದೆ, ಹೆಚ್ಚಿಸಬೇಕೆಂದರೆ ದುಬಾರಿ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು, ಮೊಬೈಲಿನ ಹಳೆಯ ಕಾರ್ಡಿನಲ್ಲಿ ಆಟ ಕೂರುವುದಿಲ್ಲ.

ಅಕ್ಕನಿಗೆ ಸ್ವಿಚ್ 2 ಬಂದಾಗ ತಮ್ಮನ ಸ್ವಿಚ್ ಮಾರಲೇಬೇಕೇ ಎಂಬ ಪ್ರಶ್ನೆಗೂ ಈಗ ಒಳ್ಳೆಯ ಉತ್ತರವಿದೆ. ಗೇಮ್‌ಶೇರ್ ಎಂಬ ಸೌಲಭ್ಯದಲ್ಲಿ ಸ್ವಿಚ್ 2ರಲ್ಲಿರುವ ಕೆಲವು ಆಟಗಳನ್ನು ಪಕ್ಕದಲ್ಲಿರುವ ಹಳೆಯ ಸ್ವಿಚ್ ಕೂಡ ಹಂಚಿಕೊಳ್ಳಬಹುದು, ಎರಡನೆಯ ಪ್ರತಿ ಕೊಳ್ಳಬೇಕಿಲ್ಲ. 2025ರ ಏಪ್ರಿಲ್ ಕೊನೆಯಿಂದ ಡಿಜಿಟಲ್ ಆಟಗಳನ್ನೂ ಕುಟುಂಬದ ಗುಂಪಿನವರಿಗೆ ಎರಡು ವಾರ ಎರವಲು ಕೊಡಬಹುದು. ಹಳೆಯದನ್ನು ಮಾರಿ ಬರುವ ಹಣ ಹೊಸ ಒಂದೆರಡು ಆಟಗಳಿಗಷ್ಟೇ ಸಾಲುವಂತಿದ್ದರೆ ಇಟ್ಟುಕೊಳ್ಳುವುದೇ ಲಾಭ.

ಮಾರುವವರಿಗೂ ಕೊಳ್ಳುವವರಿಗೂ ಕಾಲ ಮುಖ್ಯ. ಉದ್ಯಮಬಾಗ ಮತ್ತು ಮಚ್ಛೆಯ ಸುತ್ತಲಿನ ಕೊಠಡಿಗಳನ್ನು ಕೊನೆಯ ವರ್ಷದ ವಿದ್ಯಾರ್ಥಿಗಳು ಖಾಲಿ ಮಾಡುವ ತಿಂಗಳುಗಳಲ್ಲಿ ಒಂದೇ ಸಲ ಹಲವು ಯಂತ್ರಗಳು ಮಾರಾಟಕ್ಕೆ ಬರುತ್ತವೆ, ಆಗ ಚೌಕಾಸಿಗೆ ಬಲವಿರುತ್ತದೆ. ಮಾರುವವರು ದೀಪಾವಳಿಯ ಮುಂಚಿನ ವಾರಗಳನ್ನು ಕಾಯುವುದು ಒಳ್ಳೆಯದು. ಡಬ್ಬಿ, ಡಾಕ್, ಚಾರ್ಜರ್, ಕೈಪಟ್ಟಿಗಳು ಜೊತೆಗಿರಲಿ. ಖಾತೆಯನ್ನು ತೆಗೆದು ಯಂತ್ರವನ್ನು ಮೊದಲಿನ ಸ್ಥಿತಿಗೆ ತಂದು ಕೊಡಿ, ಇಲ್ಲದಿದ್ದರೆ ನಿಮ್ಮ ಖಾತೆ ಅಪರಿಚಿತರ ಕೈ ಸೇರುತ್ತದೆ.

ಅಂಗಡಿಯವರಿಗೆ ಒಂದು ಮನವಿ. ಬಳಸಿದ ವಸ್ತುಗಳ ವ್ಯಾಪಾರಕ್ಕೆ ಜಿಎಸ್‌ಟಿಯಲ್ಲಿ ಪ್ರತ್ಯೇಕ ನಿಯಮವಿದೆ, 32(5). ಹಿಂದಿನ ತೆರಿಗೆಯ ಕ್ರೆಡಿಟ್ ಪಡೆಯದಿದ್ದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟಿದರೆ ಸಾಕು. 18,000ಕ್ಕೆ ಕೊಂಡು 20,000ಕ್ಕೆ ಮಾರಿದ ಸ್ವಿಚ್‌ಗೆ ತೆರಿಗೆ 2,000 ರೂಪಾಯಿಯ ಮೇಲಷ್ಟೇ, ಅಂದರೆ 360 ರೂಪಾಯಿ. ಪೂರ್ತಿ ಬೆಲೆಯ ಮೇಲೆ ಶೇ 18 ಬೀಳುತ್ತದೆ ಎಂಬ ಹೆದರಿಕೆಯಿಂದ ಬಿಲ್ಲು ಕೊಡದೆ ಇರುವವರು ತಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ ನೋಡಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್, ಮಾದರಿಯ ದೇಶ, ಆನ್‌ಲೈನ್ ಪರೀಕ್ಷಿಸಿದ ದಿನಾಂಕ ಈ ಮೂರನ್ನು ಬರೆದುಕೊಡುವ ಅಂಗಡಿಯಿಂದ ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕೊಳ್ಳಲು ನಾನು ಸಿದ್ಧ. ಮುಂದೆ ಅದನ್ನು ನನ್ನಿಂದ ಕೊಳ್ಳುವವರೂ ಆ ಸಾವಿರವನ್ನು ಕೊಡಲು ಸಿದ್ಧರಿರುತ್ತಾರೆ.